ಡಾಕ್ಟರ್ ಕೋಟ್ನೀಸ್

ಕನ್ನಡ, ಮರಾಠಿ, ತೆಲುಗು ಮೂರೂ ನುಡಿಗಳು ಕಿವಿಗೆ ಬೀಳುವ ಗಡಿನಾಡಿನ ನಗರ ಸೊಲ್ಲಾಪುರ. ದ್ವಾರಕಾನಾಥ ಕೋಟ್ನೀಸರು ಅಲ್ಲಿ 1910ರ ಅಕ್ಟೋಬರ್ 10ರಂದು ಜನಿಸಿದರು. ಮುಂಬಯಿಯಲ್ಲಿ ವೈದ್ಯಶಿಕ್ಷಣ ಪಡೆದರು. 1937ರಲ್ಲಿ ಜಪಾನು ಚೀನದ ಮೇಲೆ ದಂಡೆತ್ತಿ ಬಂದಾಗ ಚೀನೀಯರು ಭಾರತದ ನೆರವನ್ನು ಕೋರಿದರು. ಮರುವರ್ಷ ರಾಷ್ಟ್ರೀಯ ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರಲ್ಲಿ ತರುಣ ಕೋಟ್ನೀಸರೂ ಒಬ್ಬರು.

ಉತ್ತರ ಚೀನದ ಯುದ್ಧರಂಗದಲ್ಲಿ ರೈತರ ಮನೆಗಳೇ ಆಸ್ಪತ್ರೆಗಳಾಗಿದ್ದವು. ಔಷಧಿಗೂ ಉಪಕರಣಗಳಿಗೂ ಅಭಾವವಿತ್ತು. ಶತ್ರುಸೇನೆ ಸಮೀಪಿಸಿದರೆ ಗಾಯಾಳುಗಳೊಡನೆ ಆಸ್ಪತ್ರೆಯೇ ಬೇರೊಂದು ಹಳ್ಳಿಗೆ ಹೊರಡಬೇಕಾಗಿತ್ತು. 1940ರ ಒಂದು ಕದನದಲ್ಲಿ ಕೋಟ್ನೀಸರು ನಿದ್ರೆಯಿಲ್ಲದೆ 72 ಗಂಟೆಗಳ ಕಾಲ ಶಸ್ತ್ರಚಿಕಿತ್ಸೆ ನಡೆಸಿದರು. ತಂದೆ ತೀರಿಕೊಂಡ ವಾರ್ತೆ ತಲುಪಿದಾಗಲೂ ಅವರು ಕೆಲಸ ಬಿಟ್ಟು ಊರಿಗೆ ಮರಳಲಿಲ್ಲ.

ಗಾಯಾಳುಗಳ ಸೇವೆಯಲ್ಲಿಯೇ ಮಡಿದ ಕೆನಡಾದ ವೈದ್ಯ ಬೆಥೂನರ ಹೆಸರಿನ ಆಸ್ಪತ್ರೆಗೆ ಕೋಟ್ನೀಸರು 1941ರಲ್ಲಿ ನಿರ್ದೇಶಕರಾದರು. ಚೀನೀ ಭಾಷೆಯನ್ನು ಕಲಿತು, ಆ ಭಾಷೆಯಲ್ಲಿಯೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಅದೇ ವರ್ಷ ದಾದಿ ಗುವೊ ಚಿಂಗ್‌ಲಾನ್ ಅವರ ಕೈಹಿಡಿದರು. ಜೊತೆಗೆ ಹೋದ ನಾಲ್ವರೂ ಸ್ವದೇಶಕ್ಕೆ ಮರಳಿದರು. ಕೋಟ್ನೀಸರು ಮಾತ್ರ ಮರಳಲಿಲ್ಲ. 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ, ಅಪಸ್ಮಾರಕ್ಕೆ ಬಲಿಯಾದರು. ಆಗ ಅವರ ಮಗ ಇನ್ನೂ ಹಸುಗೂಸು.

1946ರಲ್ಲಿ ವಿ. ಶಾಂತಾರಾಮರು ಈ ಕಥೆಯನ್ನು ಹಿಂದೀ ಚಲನಚಿತ್ರವಾಗಿಸಿದರು. ಅದರಲ್ಲಿ ಹಾಡುಗಳಿವೆ, ಶತ್ರುಗಳ ಸೆರೆಯಿದೆ, ಪ್ಲೇಗಿನೊಡನೆ ಹೋರಾಟವಿದೆ. ಪ್ರೇಕ್ಷಕರ ಮನಸ್ಸನ್ನು ಹಿಡಿದಿಡಲು ಚಿತ್ರಕ್ಕೆ ಅಂಥ ರೋಚಕ ಪ್ರಸಂಗಗಳು ಬೇಕು. ರಣಾಂಗಣದ ಆಸ್ಪತ್ರೆಯ ನಿಜವಾದ ಶೌರ್ಯಕ್ಕೆ ಅಂಥ ಆರ್ಭಟವಿಲ್ಲ. ಒಬ್ಬನ ಗಾಯವನ್ನು ಕಟ್ಟಿ, ದಣಿದ ಕೈಗಳನ್ನು ತೊಳೆದು, ಮತ್ತೊಬ್ಬನ ಬಳಿಗೆ ನಡೆಯುವುದೇ ಅಲ್ಲಿಯ ಶೌರ್ಯ. ಕೋಟ್ನೀಸರು ಬದುಕಿದ್ದು ಹಾಗೆ.