ಹಳೇ ಕಾರಿನ ಕಿರ್ ಕಿರ್ ಸದ್ದಿಗೆ ಆಯಿಲ್ ಸುರಿದರೆ ಸಾಕೇ? ಘರ್ಷಣೆಯ ಗುಟ್ಟು ಬಿಡಿಸಿದ ಕೂಲಾಂಬ್ ಕಥೆ

ಹಂಪ್ ದಾಟುವಾಗ ಹಳೇ ಕಾರಿನ ಅಡಿಯಿಂದ ಕಿರ್ ಕಿರ್ ಸದ್ದು ಬರುತ್ತಿದೆಯೇ? ಸಸ್ಪೆನ್ಷನ್ ಮೇಲೆ ಹಳೇ ಎಂಜಿನ್ ಆಯಿಲ್ ಅಥವಾ ಡೀಸೆಲ್ ಸುರಿಯಿರಿ, ಸದ್ದು ಮಾಯ ಎಂಬಂಥ ಸಲಹೆ ನಿಮ್ಮ ಫೋನಿಗೂ ಬಂದಿರಬಹುದು. ಸದ್ದು ನಿಲ್ಲುವುದೂ ಉಂಟು. ಆದರೆ ಸದ್ದು ನಿಂತ ಮಾತ್ರಕ್ಕೆ ತೊಂದರೆ ಹೋಯಿತು ಎಂದಲ್ಲ.

ಯಾಕೆ ಎಂದು ತಿಳಿಯಲು ಕಾರೇ ಹುಟ್ಟಿರದ ಕಾಲದ ಒಬ್ಬ ಎಂಜಿನಿಯರ್‌ನ ಬದುಕನ್ನು ನೋಡೋಣ. ಆತನ ಹೆಸರು ನಿಮಗೆ ಗೊತ್ತು. ಕಾಲೇಜಿನ ವಿದ್ಯುತ್ ಪಾಠದಲ್ಲಿ ಬರುವ ಕೂಲಾಂಬ್ ನಿಯಮದ ಕೂಲಾಂಬ್ ಆತನೇ.

ಕೋಟೆ ಕಟ್ಟುತ್ತಿದ್ದ ವಿಜ್ಞಾನಿ

ಚಾರ್ಲ್ಸ್ ಅಗಸ್ಟಿನ್ ಕೂಲಾಂಬ್ ಹುಟ್ಟಿದ್ದು 1736ರ ಜೂನ್ 14ರಂದು, ಫ್ರಾನ್ಸಿನ ಅಂಗೂಲೆಮ್ ಊರಿನಲ್ಲಿ. ಮೆಝಿಯೇರ್‌ನ ಸೇನಾ ಎಂಜಿನಿಯರಿಂಗ್ ಶಾಲೆಯಲ್ಲಿ ಓದಿ 1761ರಲ್ಲಿ ಹೊರಬಂದ. 1764ರಲ್ಲಿ ಆತನನ್ನು ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪಕ್ಕೆ ಕೋಟೆ ಕಟ್ಟಲು ಕಳುಹಿಸಿದರು. ಅಲ್ಲಿ ಎಂಟು ವರ್ಷ ದುಡಿದ. ಪದೇ ಪದೇ ಕಾಯಿಲೆ ಬಿದ್ದು, 1772ರಲ್ಲಿ ಮರಳುವ ಹೊತ್ತಿಗೆ ದೇಹ ಸೊರಗಿತ್ತು. ಆ ಆರೋಗ್ಯ ಮತ್ತೆ ಪೂರ್ತಿ ಸರಿಹೋಗಲೇ ಇಲ್ಲ.

ಆದರೆ ಆ ಎಂಟು ವರ್ಷ ಆತನಿಗೆ ಒಂದು ಪಾಠ ಕಲಿಸಿದ್ದವು. ಕಲ್ಲು, ಮಣ್ಣು, ಮರ, ಹಗ್ಗ ಯಾವುದೂ ಪುಸ್ತಕದ ಲೆಕ್ಕದಂತೆ ನಡೆದುಕೊಳ್ಳುವುದಿಲ್ಲ. ನಿಜವಾದ ವಸ್ತುವನ್ನು ನಿಜವಾದ ಭಾರದಡಿ ಇಟ್ಟೇ ನೋಡಬೇಕು.

ಹಡಗುಕಟ್ಟೆಯೇ ಪ್ರಯೋಗಾಲಯ

1779ರಲ್ಲಿ ಕೂಲಾಂಬ್ ರೋಶ್‌ಫೋರ್ ಬಂದರಿಗೆ ಬಂದ. ಹತ್ತಿರದ ಎಕ್ಸ್ ದ್ವೀಪದಲ್ಲಿ ಮರದ ಕೋಟೆ ಕಟ್ಟುವುದು ಕೆಲಸ. ಅದೇ ಕಾಲಕ್ಕೆ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಘರ್ಷಣೆಯ ಬಗ್ಗೆ ಒಂದು ಬಹುಮಾನದ ಪ್ರಶ್ನೆ ಹಾಕಿತ್ತು. ಹಡಗಿನಲ್ಲಿ ಬಳಸುವ ರಾಟೆ, ಹಗ್ಗ ಸುತ್ತುವ ಯಂತ್ರ ಇವುಗಳಲ್ಲಿ ಘರ್ಷಣೆ ಎಷ್ಟು? ಪುಟ್ಟ ಮಾದರಿಗಳ ಲೆಕ್ಕ ಸಾಲದು, ದೊಡ್ಡ ಪ್ರಮಾಣದ ಪ್ರಯೋಗವೇ ಬೇಕಿತ್ತು.

ಕೂಲಾಂಬ್ ಹಡಗುಕಟ್ಟೆಯಲ್ಲೇ ಒಂದು ಗಟ್ಟಿ ಮೇಜು ಹಾಕಿಸಿದ. ಅದರ ಮೇಲೆ ಜಾರುವ ಹಲಗೆ ಇಟ್ಟು ಭಾರ ಹೇರಿದ. ಹಗ್ಗ ಕಟ್ಟಿ, ರಾಟೆಯ ಮೇಲಿಂದ ಇಳಿಬಿಟ್ಟು, ಇನ್ನೊಂದು ತುದಿಗೆ ತೂಕ ತೂಗುಹಾಕಿದ. ಮರದ ಮೇಲೆ ಮರ, ಮರದ ಮೇಲೆ ಲೋಹ, ಒಣಗಿದ್ದು, ಕೊಬ್ಬು ಸವರಿದ್ದು, ಸಣ್ಣ ಭಾರ, ದೊಡ್ಡ ಭಾರ ಹೀಗೆ ಒಂದೊಂದನ್ನೇ ಬದಲಾಯಿಸಿ ಅಳೆದ. ಒಮ್ಮೆಗೆ ಒಂದೇ ಬದಲಾವಣೆ. ಅದೇ ಆತನ ವಿಧಾನ. 1781ರಲ್ಲಿ ಬಹುಮಾನ ಆತನಿಗೇ ಬಂತು, ಅಕಾಡೆಮಿಯ ಸದಸ್ಯತ್ವವೂ ಬಂತು.

ಆತ ಕಂಡ ಮುಖ್ಯ ಸಂಗತಿಗಳಲ್ಲಿ ಒಂದು ಇದು: ಸುಮ್ಮನೆ ಕೂತ ವಸ್ತುವನ್ನು ಅಲುಗಿಸಲು ಹೆಚ್ಚು ಬಲ ಬೇಕು, ಜಾರತೊಡಗಿದ ಮೇಲೆ ಕಡಿಮೆ ಬಲ ಸಾಕು. ಮರದಂಥ ವಸ್ತು ಹೆಚ್ಚು ಹೊತ್ತು ಕೂತಷ್ಟೂ ಹಿಡಿತ ಬಿಗಿಯಾಗುತ್ತದೆ.

ಕಿರ್ ಎನ್ನುವುದು ಯಾಕೆ?

ಬಾವಿಯ ಒಣ ರಾಟೆಯ ಸದ್ದು ನೆನಪಿಸಿಕೊಳ್ಳಿ. ಎರಡು ಮೇಲ್ಮೈ ಅಂಟಿಕೊಳ್ಳುತ್ತವೆ, ಎಳೆತ ಹೆಚ್ಚಾದಾಗ ತಟ್ಟನೆ ಜಾರುತ್ತವೆ, ಮತ್ತೆ ಅಂಟುತ್ತವೆ. ಸೆಕೆಂಡಿಗೆ ನೂರಾರು ಸಲ ಹೀಗೆ ಅಂಟಿ ಜಾರಿದರೆ ಅದೇ ಕಂಪನ ಕಿವಿಗೆ ಕಿರ್ ಎಂದು ಕೇಳುತ್ತದೆ. ಕಾರಿನ ಸಸ್ಪೆನ್ಷನ್‌ನಲ್ಲಿ ಆಗುವುದೂ ಇದೇ. ಒಣಗಿದ ರಬ್ಬರ್ ಬುಷ್ ಲೋಹದ ಮೇಲೆ ಅಂಟಿ ಜಾರುತ್ತದೆ. ಅಂಬಾಸಿಡರ್‌ನಂಥ ಹಳೇ ಕಾರುಗಳ ಹಿಂಭಾಗದ ಲೀಫ್ ಸ್ಪ್ರಿಂಗ್‌ನಲ್ಲಿ ಪಟ್ಟಿಗಳು ಒಂದರ ಮೇಲೊಂದು ಉಜ್ಜುತ್ತವೆ. ಮಳೆಯಲ್ಲಿ ನೆಂದಾಗ ಸದ್ದು ಅಡಗಿ, ಒಣಗಿದ ಮೇಲೆ ಮರಳುವುದಕ್ಕೂ ಇದೇ ಕಾರಣ.

ಹಾಗಾದರೆ ಆಯಿಲ್ ಯಾಕೆ ಬೇಡ?

ಎಂಜಿನ್ ಆಯಿಲ್, ಡೀಸೆಲ್ ತಾಗಿದರೆ ನೈಸರ್ಗಿಕ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಸಿಡಿದ ಆಯಿಲ್ ಬ್ರೇಕಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಇನ್ನೂ ದೊಡ್ಡ ಅಪಾಯವೊಂದಿದೆ. ಸದ್ದು ಬರುತ್ತಿರುವುದು ಸವೆದ ಬಾಲ್ ಜಾಯಿಂಟಿನಿಂದಾದರೆ ಆಯಿಲ್ ಅದರ ಬಾಯಿ ಮುಚ್ಚಿಸುತ್ತದೆ, ಸವೆತ ಮುಂದುವರಿಯುತ್ತದೆ. ಜಾಯಿಂಟ್ ಕಳಚಿದರೆ ಓಡುತ್ತಿರುವ ಕಾರಿನ ಚಕ್ರವೇ ಮಡಚಿಕೊಳ್ಳಬಹುದು.

ಕೂಲಾಂಬ್ ದಾರಿಯಲ್ಲಿ ಹುಡುಕಿ

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಒಬ್ಬರು ಕಾರಿನ ಒಂದೊಂದೇ ಮೂಲೆಯನ್ನು ಕೆಳಕ್ಕೆ ಒತ್ತಿ ಬಿಡಲಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ಕೇಳಲಿ. ಬರೀ ಜಾಕ್ ಮೇಲೆ ನಿಂತ ಕಾರಿನಡಿ ತಲೆ ಹಾಕಬೇಡಿ. ಸ್ಪ್ರಿಂಗ್ ಸುರುಳಿಯೊಳಗೆ ಬೆರಳು ಇಡಬೇಡಿ.

ಮೂಲೆ ಗೊತ್ತಾದ ಮೇಲೆ ಸೋಪಿನ ನೀರನ್ನು ಒಂದು ಬುಷ್‌ಗೆ ಮಾತ್ರ ಚಿಮುಕಿಸಿ, ಮತ್ತೆ ಒತ್ತಿ ನೋಡಿ. ಸದ್ದು ನಿಲ್ಲದಿದ್ದರೆ ಮುಂದಿನದಕ್ಕೆ ಹೋಗಿ. ಯಾವುದಕ್ಕೆ ನೀರು ಬಿದ್ದಾಗ ಸದ್ದು ಅಡಗುತ್ತದೋ ಕಳ್ಳ ಅದೇ. ಎಲ್ಲದಕ್ಕೂ ಒಟ್ಟಿಗೆ ಚಿಮುಕಿಸಿದರೆ ಏನೂ ತಿಳಿಯುವುದಿಲ್ಲ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸದ್ದು ಬಂದರೆ ಬಾಲ್ ಜಾಯಿಂಟ್ ಅಥವಾ ಮುಂದಿನ ಸ್ಟ್ರಟ್‌ನ ಮೇಲ್ತುದಿಯ ಬೇರಿಂಗ್ ನೋಡಿಸಿ. ಕಿರ್ ಬದಲು ಟಕ್ ಟಕ್ ಎಂದು ಬಡಿದರೆ, ಸ್ಟೀರಿಂಗ್ ಅಲುಗಿದರೆ, ಕಾರನ್ನು ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ.

ಸ್ಟೆಬಿಲೈಸರ್ ಬಾರ್‌ನ ಬುಷ್ ಬರೀ ಒಣಗಿದ್ದರೆ ರಬ್ಬರಿಗೆ ಹೊಂದುವ ಸಿಲಿಕೋನ್ ಗ್ರೀಸ್ ಸಾಕಾಗಬಹುದು. ಆದರೆ ಲೋವರ್ ಆರ್ಮ್‌ನ ಹಲವು ಬುಷ್‌ಗಳಲ್ಲಿ ರಬ್ಬರನ್ನು ಲೋಹದ ಕೊಳವೆಗೆ ಅಂಟಿಸಿಯೇ ತಯಾರಿಸಿರುತ್ತಾರೆ. ಅಲ್ಲಿ ರಬ್ಬರ್ ಜಾರಬಾರದು, ತಿರುಚಿಕೊಳ್ಳಬೇಕು. ಜಾರಿ ಸದ್ದು ಮಾಡುತ್ತಿದೆ ಎಂದರೆ ಅಂಟು ಬಿಟ್ಟಿದೆ. ಗ್ರೀಸ್ ಪ್ರಯೋಜನವಿಲ್ಲ, ಬುಷ್ ಬದಲಾಯಿಸಲೇಬೇಕು.

ಕೊನೆಯ ವರ್ಷಗಳು

ಈ ತಿರುಚುವಿಕೆಯ ನಿಯಮವನ್ನು ಅಳೆದವನೂ ಕೂಲಾಂಬ್. ಲೋಹದ ತಂತಿಯನ್ನು ಎಷ್ಟು ಕೋನ ತಿರುಚುತ್ತೇವೋ ಅಷ್ಟೇ ಪ್ರಮಾಣದಲ್ಲಿ ಅದು ಎದುರು ಬಲ ಕೊಡುತ್ತದೆ ಎಂದು 1784ರಲ್ಲಿ ತೋರಿಸಿದ. ಕಾರಿನ ಸ್ಟೆಬಿಲೈಸರ್ ಬಾರ್ ಕೆಲಸ ಮಾಡುವುದೂ ಹೀಗೆ ತಿರುಚಿಕೊಂಡೇ. ಅಂಥದೇ ತಂತಿಯ ತಕ್ಕಡಿಯಿಂದ 1785ರಲ್ಲಿ ವಿದ್ಯುತ್ ಆವೇಶಗಳ ನಡುವಿನ ಬಲ ಅಳೆದು ಹೆಸರಾದ.

ಇದಕ್ಕೆ ಮೊದಲು, 1783ರಲ್ಲಿ, ಬ್ರಿಟನಿ ಪ್ರಾಂತ್ಯದ ಕಾಲುವೆ ಯೋಜನೆಯನ್ನು ಪರಿಶೀಲಿಸಲು ಹೋಗಿದ್ದ. ಖರ್ಚಿಗೆ ತಕ್ಕ ಲಾಭವಿಲ್ಲ ಎಂದು ನೇರವಾಗಿ ವರದಿ ಕೊಟ್ಟ. ಆ ಗಲಾಟೆಯಲ್ಲಿ ಒಂದು ವಾರ ಜೈಲಿನಲ್ಲಿ ಕೂರಬೇಕಾಯಿತು. ಆತನನ್ನು ಕೂಡಿಹಾಕಿದರೂ ಕಾಲುವೆಯ ಲೆಕ್ಕವೇನೂ ಬದಲಾಗಲಿಲ್ಲ.

ಫ್ರೆಂಚ್ ಕ್ರಾಂತಿಯ ಗದ್ದಲದಲ್ಲಿ ಪ್ಯಾರಿಸ್ ಬಿಟ್ಟು ಬ್ಲುವಾ ಊರಿನ ಬಳಿಯ ಮನೆಗೆ ಹೋದ, ಆಮೇಲೆ ಮರಳಿದ. 1806ರ ಆಗಸ್ಟ್ 23ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು ಅದಾಗಿ 80 ವರ್ಷಕ್ಕೆ, 1886ರಲ್ಲಿ.

ನೆನಪಿಡಿ: ಕಿರ್ ಕಿರ್ ಎನ್ನುವುದು ಕಾರು ಕೊಡುತ್ತಿರುವ ವರದಿ. ಅದರ ಬಾಯಿ ಮುಚ್ಚಿಸುವ ಮೊದಲು ಅದು ಏನು ಹೇಳುತ್ತಿದೆ ಎಂದು ಕೇಳಿ. ಆಯಿಲ್ ಸುರಿಯಿರಿ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಬದಲಿಗೆ ಇದನ್ನು ಕಳುಹಿಸಿ.