ಯೋಸ್ಟಾ ಮಿಟ್ಟಾಗ್-ಲೆಫ್ಲರ್

ಮ್ಯಾಗ್ನಸ್ ಯೋಸ್ಟಾ ಮಿಟ್ಟಾಗ್-ಲೆಫ್ಲರ್ (16 ಮಾರ್ಚ್ 1846 – 7 ಜುಲೈ 1927) ಸ್ವೀಡನ್ ದೇಶದ ಹೆಸರಾಂತ ಗಣಿತಶಾಸ್ತ್ರಜ್ಞರು. ಸಂಕೀರ್ಣ ಫಲನಗಳ ಸಿದ್ಧಾಂತದಲ್ಲಿ ಅವರ ಹೆಸರನ್ನು ಹೊತ್ತ ಪ್ರಮೇಯವೊಂದಿದೆ. ಆದರೆ ಅವರ ಕೀರ್ತಿಗೆ ಮುಖ್ಯ ಕಾರಣ, ಉತ್ತರ ಯೂರೋಪಿನ ನಾಲ್ಕು ದೇಶಗಳ ಗಣಿತಜ್ಞರನ್ನು ಒಂದುಗೂಡಿಸಿ ಅವರು 1882ರಲ್ಲಿ ಸ್ಥಾಪಿಸಿದ ‘ಆಕ್ಟಾ ಮ್ಯಾಥಮ್ಯಾಟಿಕಾ’ ಎಂಬ ಅಂತರರಾಷ್ಟ್ರೀಯ ಪತ್ರಿಕೆ.

ಜನನ ಮತ್ತು ವಿದ್ಯಾಭ್ಯಾಸ

ಜನನ ಸ್ಟಾಕ್‌ಹೋಮ್ ನಗರದಲ್ಲಿ. ತಂದೆ ಯೋಹಾನ್ ಓಲೋಫ್ ಲೆಫ್ಲರ್ ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದರು. ತಾಯಿಯ ತವರಿನ ಹೆಸರಾದ ಮಿಟ್ಟಾಗ್ ಎಂಬುದನ್ನು ಇವರು ತಾರುಣ್ಯದಲ್ಲಿ ತಮ್ಮ ಹೆಸರಿಗೆ ಸೇರಿಸಿಕೊಂಡರು. ತಂಗಿ ಆನ್ ಷಾರ್ಲಟ್ ಲೆಫ್ಲರ್ ಸ್ವೀಡನ್ನಿನ ಪ್ರಸಿದ್ಧ ಲೇಖಕಿ.

ಉಪ್ಸಾಲಾ ವಿಶ್ವವಿದ್ಯಾಲಯದಿಂದ 1872ರಲ್ಲಿ ಡಾಕ್ಟರೇಟ್ ಪಡೆದು, ಮರುವರ್ಷ ವಿದ್ಯಾರ್ಥಿವೇತನದ ಮೇಲೆ ಪ್ಯಾರಿಸ್ಸಿಗೆ ತೆರಳಿ ಚಾರ್ಲ್ಸ್ ಹರ್ಮೀಟರ ಬಳಿ ಅಧ್ಯಯನ ಮಾಡಿದರು. ಬರ್ಲಿನ್ನಿಗೆ ಹೋಗಿ ಕಾರ್ಲ್ ವೈಯರ್‌ಸ್ಟ್ರಾಸರಿಂದ ಕಲಿಯಬೇಕೆಂದು ಸಲಹೆ ನೀಡಿದವರು ಹರ್ಮೀಟರೇ. ಪ್ರಷ್ಯಾದೊಡನೆ ನಡೆದ ಯುದ್ಧದಲ್ಲಿ ಫ್ರಾನ್ಸ್ ಸೋತು ಇನ್ನೂ ಮೂರು ವರ್ಷವೂ ಆಗಿರಲಿಲ್ಲ. ಸೋತ ನಾಡಿನ ಪಂಡಿತರೊಬ್ಬರು ಶಿಷ್ಯನನ್ನು ಗೆದ್ದವರ ರಾಜಧಾನಿಗೆ ಕಳುಹಿಸಿದ ಈ ಪ್ರಸಂಗ ಮಿಟ್ಟಾಗ್-ಲೆಫ್ಲರರ ಮುಂದಿನ ಕಾರ್ಯಕ್ಕೆ ದಾರಿ ತೋರಿತೆಂದರೆ ತಪ್ಪಾಗಲಾರದು.

ಪತ್ರಿಕೆಯ ಸ್ಥಾಪನೆ

1877ರಿಂದ ಹೆಲ್ಸಿಂಕಿಯಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1881ರಲ್ಲಿ ಸ್ಟಾಕ್‌ಹೋಮಿನ ಹೊಸ ವಿದ್ಯಾಸಂಸ್ಥೆಗೆ ಬಂದರು. ಆಗ ಡೆನ್ಮಾರ್ಕ್ ಹಾಗೂ ನಾರ್ವೆಗಳಿಗೆ ತಮ್ಮವೇ ಆದ ವಿಜ್ಞಾನ ಪತ್ರಿಕೆಗಳಿದ್ದರೂ ಹೊರನಾಡಿನಲ್ಲಿ ಅವುಗಳಿಗೆ ಓದುಗರು ವಿರಳ. ಎಲ್ಲರೂ ಸೇರಿ ಒಂದೇ ಪತ್ರಿಕೆ ನಡೆಸಬೇಕೆಂಬ ಸೂಚನೆ ನಾರ್ವೆಯ ಸೋಫಸ್ ಲೀ ಅವರಿಂದ ಬಂದಿತು. ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಮತ್ತು ಫಿನ್ಲೆಂಡಿನ ವಿದ್ವಾಂಸರನ್ನೊಳಗೊಂಡ ಸಂಪಾದಕ ಮಂಡಳಿ ರಚನೆಯಾಯಿತು. ದೊರೆ ಎರಡನೆಯ ಆಸ್ಕರ್ ಧನಸಹಾಯ ನೀಡಿದರು.

ಪ್ರಬಂಧಗಳು ಮುಖ್ಯವಾಗಿ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಲ್ಲಿ ಪ್ರಕಟವಾದವು. ಸ್ವಂತ ನುಡಿಯನ್ನು ಬದಿಗಿಡುವುದು ಸಣ್ಣ ನಾಡುಗಳ ಪಾಲಿಗೆ ಸುಲಭದ ತ್ಯಾಗವಲ್ಲ. ಆದರೆ ಇದರಿಂದಲೇ ಪ್ಯಾರಿಸ್ ಮತ್ತು ಬರ್ಲಿನ್ ಎರಡೂ ಕಡೆಯವರು ಬರೆಯಬಹುದಾದ ವೇದಿಕೆಯೊಂದು ದೊರೆಯಿತು. ಮೊದಲ ಸಂಚಿಕೆ ಆರಂಭವಾದದ್ದು ಆಗಿನ್ನೂ ತರುಣರಾಗಿದ್ದ ಆನ್ರಿ ಪ್ವಾಂಕರೆಯವರ ಪ್ರಬಂಧದಿಂದ. ಜರ್ಮನಿಯಲ್ಲಿ ತೀವ್ರ ವಿರೋಧ ಎದುರಿಸುತ್ತಿದ್ದ ಗೇಯಾರ್ಗ್ ಕ್ಯಾಂಟರರ ಗಣಸಿದ್ಧಾಂತದ ಲೇಖನಗಳು ಫ್ರೆಂಚ್ ಅನುವಾದದಲ್ಲಿ 1883ರಲ್ಲಿ ಇಲ್ಲಿಯೇ ಬೆಳಕು ಕಂಡವು. ಆದರೂ 1885ರಲ್ಲಿ ಕ್ಯಾಂಟರರ ಮತ್ತೊಂದು ಪ್ರಬಂಧ ಕಾಲಕ್ಕಿಂತ ಬಹಳ ಮುಂದಿದೆಯೆಂದು ಅದನ್ನು ಹಿಂತೆಗೆದುಕೊಳ್ಳುವಂತೆ ಸಂಪಾದಕರು ಸೂಚಿಸಿದರು. ಕ್ಯಾಂಟರ್ ಇದರಿಂದ ತೀವ್ರವಾಗಿ ನೊಂದು ಮುಂದೆ ಪತ್ರಿಕೆಯಿಂದ ದೂರ ಸರಿದರು.

ಬಹುಮಾನದ ಪ್ರಕರಣ

ದೊರೆಯ 60ನೆಯ ಹುಟ್ಟುಹಬ್ಬದ ನಿಮಿತ್ತ ಏರ್ಪಟ್ಟ ಸ್ಪರ್ಧೆಗೆ ವೈಯರ್‌ಸ್ಟ್ರಾಸ್, ಹರ್ಮೀಟ್ ಮತ್ತು ಮಿಟ್ಟಾಗ್-ಲೆಫ್ಲರ್ ತೀರ್ಪುಗಾರರು. ಪರಸ್ಪರ ಆಕರ್ಷಿಸುವ ಮೂರು ಕಾಯಗಳ ಚಲನೆಯನ್ನು ಕುರಿತ ಪ್ವಾಂಕರೆಯವರ ಪ್ರಬಂಧಕ್ಕೆ 1889ರ ಜನವರಿಯಲ್ಲಿ 2500 ಕ್ರೋನರ್ ಬಹುಮಾನ ಘೋಷಣೆಯಾಯಿತು. ಮುದ್ರಣಕ್ಕೆ ಸಿದ್ಧಗೊಳಿಸುವಾಗ ಲಾರ್ಸ್ ಫ್ರಾಗ್ಮೆನ್ ಎಂಬ ಯುವ ಗಣಿತಜ್ಞರು ಕೆಲವು ಅಸ್ಪಷ್ಟ ಭಾಗಗಳನ್ನು ಗುರುತಿಸಿದರು. ಅವನ್ನು ಪರಿಶೀಲಿಸುತ್ತ ಪ್ವಾಂಕರೆ ತಮ್ಮ ವಾದದಲ್ಲಿ ಗಂಭೀರ ದೋಷವನ್ನೇ ಕಂಡುಕೊಂಡರು. ಅಷ್ಟರಲ್ಲಿ ಪ್ರತಿಗಳು ಅಚ್ಚಾಗಿ ಕೆಲವರ ಕೈ ಸೇರಿದ್ದವು. ಮಿಟ್ಟಾಗ್-ಲೆಫ್ಲರ್ ಸದ್ದಿಲ್ಲದೆ ಅವನ್ನು ಹಿಂದಕ್ಕೆ ತರಿಸಿಕೊಂಡರು. ಪತ್ರಿಕೆಯ ಮರ್ಯಾದೆ ಉಳಿಯಿತು ನಿಜ. ಆದರೆ ಈ ಗೋಪ್ಯತೆಯನ್ನು ಮೆಚ್ಚಲಾಗದು. ಮೊದಲ ಮುದ್ರಣದ ವೆಚ್ಚವನ್ನು ಪ್ವಾಂಕರೆಯವರೇ ಭರಿಸಿದರು. ಅದು 3500 ಕ್ರೋನರ್‌ಗೂ ಮಿಕ್ಕಿ, ಬಹುಮಾನದ ಹಣವನ್ನು ಮೀರಿತ್ತು. 1890ರಲ್ಲಿ 13ನೆಯ ಸಂಪುಟದಲ್ಲಿ ಹೊರಬಂದ ಪರಿಷ್ಕೃತ ಪ್ರಬಂಧದಲ್ಲಿ ಇಂದಿನ ಕೇಯಾಸ್ ಸಿದ್ಧಾಂತದ ಮೂಲವಿದೆ.

ಮಹಿಳಾ ವಿಜ್ಞಾನಿಗಳಿಗೆ ಬೆಂಬಲ

ರಷ್ಯಾದ ಸೋಫಿಯಾ ಕೊವಲೆವ್‌ಸ್ಕಾಯಾ 1883ರಲ್ಲಿ ಸ್ಟಾಕ್‌ಹೋಮಿಗೆ ಬಂದದ್ದು ಇವರ ಪ್ರಯತ್ನದಿಂದ. ಆಕೆ ಅಲ್ಲಿ ಪ್ರಾಧ್ಯಾಪಕಿಯಾದುದಲ್ಲದೆ ಪತ್ರಿಕೆಯ ಸಂಪಾದಕ ಮಂಡಳಿಗೂ ಸೇರಿದರು. 1903ರ ನೊಬೆಲ್ ಪ್ರಶಸ್ತಿಗೆ ಫ್ರೆಂಚ್ ಅಕಾಡೆಮಿಯ ಸದಸ್ಯರು ಕಳುಹಿಸಿದ ಶಿಫಾರಸಿನಲ್ಲಿ ಮೇರಿ ಕ್ಯೂರಿಯವರ ಹೆಸರೇ ಇರಲಿಲ್ಲ. ಈ ವಿಷಯವನ್ನು ಪಿಯರ್ ಕ್ಯೂರಿಯವರಿಗೆ ಪತ್ರಮುಖೇನ ತಿಳಿಸಿದವರು ಮಿಟ್ಟಾಗ್-ಲೆಫ್ಲರ್.

ಕೊನೆಯ ದಿನಗಳು

1882ರಲ್ಲಿ ಇವರ ವಿವಾಹ ಫಿನ್ಲೆಂಡಿನ ಸಿರಿವಂತ ಮನೆತನದ ಸಿಗ್ನೆ ಆಫ್ ಲಿಂಡ್‌ಫೋರ್ಸ್ ಅವರೊಡನೆ ನಡೆದಿತ್ತು. ಮಕ್ಕಳಿರಲಿಲ್ಲ. 1916ರಲ್ಲಿ, ತಮ್ಮ 70ನೆಯ ಹುಟ್ಟುಹಬ್ಬದಂದು, ಯೂರ್ಷೋಲ್ಮ್‌ನಲ್ಲಿದ್ದ ಮನೆ ಮತ್ತು ಅಪಾರ ಗ್ರಂಥಭಂಡಾರವನ್ನು ಗಣಿತ ಸಂಶೋಧನೆಗೆಂದು ದಂಪತಿಗಳು ಉಯಿಲು ಬರೆದರು. ಮೊದಲ ಮಹಾಯುದ್ಧದ ನಂತರ ಸಂಪತ್ತು ಕರಗಿದ್ದರಿಂದ ಯೋಜನೆ ಬಹುಕಾಲ ಕುಂಟಿತು. 1969ರಲ್ಲಿ ಲೆನಾರ್ಟ್ ಕಾರ್ಲೆಸನ್ ಅವರ ನೇತೃತ್ವದಲ್ಲಿ ಅಲ್ಲಿ ಸಂಶೋಧನಾ ಸಂಸ್ಥೆ ಪೂರ್ಣಪ್ರಮಾಣದಲ್ಲಿ ಕಾರ್ಯಾರಂಭ ಮಾಡಿತು.