ತನ್ನ ಹೃದಯಕ್ಕೇ ನಳಿಕೆ ತೂರಿಸಿದ ವೈದ್ಯ

ಮಕ್ಕಳೇ, ವರ್ನರ್ ಫೋರ್ಸ್‌ಮನ್ 1904ರಲ್ಲಿ ಬರ್ಲಿನ್‌ನಲ್ಲಿ ಜನಿಸಿದರು. ಎದೆ ಸೀಳದೆ ಹೃದಯವನ್ನು ತಲುಪಬಹುದೇ? ಇದು ಈ ಯುವ ವೈದ್ಯರ ಪ್ರಶ್ನೆ. ಪ್ರಯೋಗಕ್ಕೆ ಹಿರಿಯರು ಒಪ್ಪಲಿಲ್ಲ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಆಸ್ಪತ್ರೆಯಲ್ಲಿ ತಮ್ಮದೇ ಎಡತೋಳಿನ ಅಭಿಧಮನಿಯೊಳಗೆ ತೆಳು ನಳಿಕೆಯನ್ನು, ಅಂದರೆ ಕೆಥೆಟರನ್ನು, 65 ಸೆಂ.ಮೀ. ತೂರಿಸಿದರು. ನಮ್ಮ ಬನಹಟ್ಟಿ ಸೀರೆಯ ಅಗಲದ ಅರ್ಧಕ್ಕಿಂತ ತುಸು ಹೆಚ್ಚು! ಹಾಗೆಯೇ ಮೆಟ್ಟಿಲಿಳಿದು ಎಕ್ಸ್-ರೇ ಕೋಣೆಗೆ ನಡೆದರು. ಚಿತ್ರದಲ್ಲಿ ನಳಿಕೆಯ ತುದಿ ಬಲ ಹೃತ್ಕರ್ಣದಲ್ಲಿತ್ತು. (ನೀವ್ಯಾರೂ ಇಂಥ ಸಾಹಸಕ್ಕಿಳಿಯಬೇಡಿ.) ಮೆಚ್ಚುಗೆಯ ಬದಲು ಟೀಕೆ ಬಂತು, ಅವರು ಮೂತ್ರಾಂಗ ಚಿಕಿತ್ಸೆಯತ್ತ ಹೊರಳಿದರು. ಅಮೆರಿಕದಲ್ಲಿ ಕೂರ್ನಾಂಡ್, ರಿಚರ್ಡ್ಸ್ ಈ ವಿಧಾನವನ್ನು ಬೆಳೆಸಿದರು. 1956ರಲ್ಲಿ ಮೂವರಿಗೂ ನೊಬೆಲ್ ದೊರೆಯಿತು. 1979ರಲ್ಲಿ ಫೋರ್ಸ್‌ಮನ್ ತೀರಿಕೊಂಡರು. ಇಂದು ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ತೊಡೆಯ ರಕ್ತನಾಳದಿಂದ ಹಾಯಿಸಿದ ಕೆಥೆಟರ್ ಮೂಲಕವೇ ಔಷಧ ಕೊಟ್ಟು ಹೃದಯವನ್ನು ಕೆಲಹೊತ್ತು ನಿಲ್ಲಿಸುತ್ತಾರೆ; ಅಷ್ಟು ಹೊತ್ತು ಮೈಗೆಲ್ಲ ರಕ್ತ ಹರಿಸುವುದು ಯಂತ್ರ.